ಅಣ್ಣನ ಕೊನೆಯ ತಲೆ

ಫೆಬ್ರವರಿ 9, ಸೋಮವಾರ

ಈ ಪುಸ್ತಕ ಅಣ್ಣನದು. ಮೊದಲ ಮೂವತ್ತೆರಡು ಪುಟಗಳಲ್ಲಿ ಅವನ ಕೈಬರಹವಿದೆ: ಸಕ್ಕರೆ ಪಾಕಕ್ಕೆ ಎಷ್ಟು ಕೆಂಪು ಬಣ್ಣ ಹಾಕಿದರೆ ಹೊಸ ರಕ್ತ, ಎಷ್ಟು ಕಾಫಿಪುಡಿ ಸೇರಿಸಿದರೆ ಹಳೆಯ ರಕ್ತ, ಹೊರಬಿದ್ದ ಕರುಳಿಗೆ ಯಾವ ಬಟ್ಟೆ ಒಳ್ಳೆಯದು. ಮೂವತ್ತಮೂರನೇ ಪುಟದಿಂದ ಖಾಲಿ. ಖಾಲಿ ಹಾಳೆ ದಂಡ ಮಾಡುವುದು ನಮ್ಮ ಮನೆಯ ಅಭ್ಯಾಸವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದುಃಖ ತೋಡಿಕೊಳ್ಳಲು ಅಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ದುಃಖ ಎಂದು ಬರೆಯುವಾಗ ಆ ಎರಡು ಸೊನ್ನೆ ನಡುವೆ ಬರುತ್ತವೋ ಕೊನೆಗೆ ಬರುತ್ತವೋ ಎಂದು ಈಗಲೂ ಅನುಮಾನ.

ಅಣ್ಣ ಹೋಗಿ ಇವತ್ತಿಗೆ ಹದಿನೆಂಟು ದಿನ. ಅಗ್ಗದ ದೆವ್ವದ ಸಿನಿಮಾಗಳಿಗೆ ಗಾಯ, ರಕ್ತ, ಕತ್ತರಿಸಿದ ಕೈಕಾಲು ಮಾಡಿಕೊಡುವುದು ಅವನ ಕೆಲಸವಾಗಿತ್ತು. ನಟರ ಬಟ್ಟೆಯೊಳಗೆ ರಕ್ತದ ಚೀಲ ಹೊಲಿಯುವುದು ನನ್ನದು. ಇಪ್ಪತ್ತಮೂರು ವರ್ಷ ಇಬ್ಬರೂ ಸೇರಿ ಲೆಕ್ಕವಿಲ್ಲದಷ್ಟು ಜನರನ್ನು ಕೊಂದಿದ್ದೇವೆ. ಒಬ್ಬರಿಗೂ ತರಚಿದ ಗಾಯ ಕೂಡ ಆಗಿಲ್ಲ. ಅವನು ಮಾತ್ರ ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಕೆನ್ನೆಗೆ ನೊರೆ ಹಚ್ಚಿಸಿಕೊಂಡು, ಸುಮ್ಮನೆ ಹೋಗಿಬಿಟ್ಟ. ಅದೇ ಕುರ್ಚಿಯಲ್ಲಿ ಅವನು ಮೊದಲೂ ಹತ್ತಾರು ಸಲ ಸತ್ತಂತೆ ನಟಿಸಿ ಕ್ಷೌರದವನನ್ನು ಹೆದರಿಸಿದ್ದ. ಹಾಗಾಗಿ ಈ ಸಲ ಕ್ಷೌರದವನು ಹೆದರಲಿಲ್ಲ. ಹತ್ತು ನಿಮಿಷ ಪೇಪರ್ ಓದಿ, ಆಮೇಲೆ ಭುಜ ತಟ್ಟಿ, "ಸಾಕು, ಎದ್ದೇಳಿ, ಗಿರಾಕಿ ಕಾಯ್ತಿದ್ದಾರೆ" ಅಂದನಂತೆ.

ನನಗೆ ಇನ್ನೂ ಅಳು ಬಂದಿಲ್ಲ. ನಾಯಕಿಯರಿಗೆ ಕಣ್ಣೀರು ಬರಿಸುವ ಗ್ಲಿಸರಿನ್ ಬಾಟಲಿ ಸದಾ ನನ್ನ ಕೈಚೀಲದಲ್ಲೇ ಇರುತ್ತದೆ. ಊರಿಗೆಲ್ಲ ಹಂಚಿ ಹಂಚಿ ನನ್ನ ಪಾಲು ಮುಗಿದಿರಬೇಕು.

ಒಪ್ಪಿಕೊಂಡಿದ್ದ ಒಂದು ಸಿನಿಮಾ ಅರ್ಧಕ್ಕೆ ನಿಂತಿದೆ. ನಿರ್ದೇಶಕ ಫೋನ್ ಮಾಡಿ, ಉಳಿದ ಕೆಲಸ ನನ್ನಿಂದ ಆಗುತ್ತದೆಯೇ ಎಂದು ಕೇಳಿದ. ತಲೆಯಾಡಿಸಿದೆ. ಫೋನಿನಲ್ಲಿ ತಲೆಯಾಡಿಸಿದರೆ ಕಾಣುವುದಿಲ್ಲ ಎಂಬುದು ಅವನು ಎರಡನೇ ಸಲ ಕೇಳಿದಾಗ ಹೊಳೆಯಿತು.

ಫೆಬ್ರವರಿ 11, ಬುಧವಾರ

ಮನೆಯ ಹಿಂದಿನ ತಗಡಿನ ಶೆಡ್ಡೇ ನಮ್ಮ ಕಾರ್ಖಾನೆ. ಇವತ್ತು ಬಾಗಿಲು ತೆರೆದು ಇಡೀ ದಿನ ತೊಳೆದೆ. ಬಾಟಲಿಗಳ ಕತ್ತಿಗೆ ಅಂಟಿದ್ದ ಜಿಡ್ಡು, ದಾರ, ಧೂಳು ಎಲ್ಲ ಕಿತ್ತು ಹಾಕಿದೆ. ಶೆಡ್ ಈಗ ಔಷಧಿ ಅಂಗಡಿಯಂತೆ ಹೊಳೆಯುತ್ತಿದೆ. ಅಣ್ಣ ಬಂದು ನೋಡಿದರೆ ತಪ್ಪು ಮನೆಗೆ ಬಂದೆನೆಂದು ವಾಪಸು ಹೋಗುತ್ತಾನೆ.

ಒಂದನ್ನು ಮಾತ್ರ ಮುಟ್ಟಲಿಲ್ಲ. ಮೇಲಿನ ಹಲಗೆಯ ಮೇಲೆ, ಸೈಕಲ್ ಟ್ಯೂಬಿನಿಂದ ಬಿಗಿದ ಎರಡು ಹೋಳಿನ ಪ್ಲಾಸ್ಟರ್ ಅಚ್ಚು. ಅದು ಅಣ್ಣನ ತಲೆ. ಕೆಲಸ ಶುರು ಮಾಡಿದ ವರ್ಷ ಅಚ್ಚು ತೆಗೆಯಲು ಯಾರೂ ಮುಖ ಕೊಡಲಿಲ್ಲ. ಆಗ ಅವನೇ ಅಂಗಾತ ಮಲಗಿದ, ನಾನು ಮೆತ್ತಿದೆ. ಅಂದಿನಿಂದ ನಮ್ಮ ಸಿನಿಮಾಗಳಲ್ಲಿ ಉರುಳಿದ ತಲೆಗಳೆಲ್ಲ ಅವನದೇ. ಮೀಸೆ ಅಂಟಿಸಿದರೆ ಕಳ್ಳ, ಕನ್ನಡಕ ಹಾಕಿದರೆ ಡಾಕ್ಟರು, ಒಮ್ಮೆ ಓಲೆ ತೊಡಿಸಿ ಅತ್ತೆಯನ್ನೂ ಮಾಡಿದ್ದೆವು. ಮಾಡಿದ ತಲೆಗಳಲ್ಲಿ ಒಂದೂ ಉಳಿದಿಲ್ಲ. ಕೆಲವು ಸುಟ್ಟವು, ಕೆಲವು ಬಾವಿಯಲ್ಲಿ ಮುಳುಗಿದವು. ಅಚ್ಚೂ ಸವೆದಿದೆ, ಹುಬ್ಬು ನುಣ್ಣಗಾಗಿದೆ, ಕಿವಿಯ ಹತ್ತಿರ ಬಿರುಕು. "ಇದರಿಂದ ಇನ್ನೊಂದು ತಲೆ ಬಂದ್ರೆ ಹೆಚ್ಚು" ಎಂದು ಹೋದ ವರ್ಷ ಅಂದಿದ್ದ.

ಮನೆಯಲ್ಲಿ ಅವನ ಫೋಟೋ ಇದೆ. ಆದರೆ ಫೋಟೋದ ಮೇಲೆ ಬೆರಳಾಡಿಸಿದರೆ ಮೂಗು ಸಿಗುವುದಿಲ್ಲ.

ಅತ್ತಿಗೆ ಶೆಡ್ಡಿನ ಹೊಸ್ತಿಲವರೆಗೆ ಬಂದರು, ಒಳಗೆ ಬರಲಿಲ್ಲ. ಕಾಫಿ ಲೋಟ ನೆಲದ ಮೇಲಿಟ್ಟು ಹೋದರು. ಮೊದಲೂ ಹಾಗೇ ಇಡುತ್ತಿದ್ದರು. ಆಗ ಎರಡು ಲೋಟ.

ಫೆಬ್ರವರಿ 14, ಶನಿವಾರ

ನನ್ನಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ.

ಇವತ್ತು 'ಸಾಯುವ ಮಾಮ'ನಿಗೆ ವಿಷ ಹಾಕುವ ದೃಶ್ಯ. ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ಅರವತ್ತಾರು ವರ್ಷದ ನಟ, ಅದರಲ್ಲಿ ನಲವತ್ತು ವರ್ಷ ಪ್ರತಿ ಸಿನಿಮಾದ ಮೊದಲರ್ಧದಲ್ಲೇ ಸತ್ತವರು. ಈ ಸಲ ಸತ್ತ ಮೇಲೆ ದೆವ್ವವಾಗಿ ಕೊನೆಯವರೆಗೂ ಇರುತ್ತಾರೆ. ಬಡ್ತಿ ಸಿಕ್ಕಿತು ಎಂದು ಬಹಳ ಖುಷಿಯಲ್ಲಿದ್ದಾರೆ.

ನಮ್ಮಲ್ಲಿ ಎರಡು ಬಗೆಯ ರಕ್ತ. ಬಾಯಿಗೆ ಹಾಕುವುದು ಬರೀ ಸಕ್ಕರೆ ಪಾಕ. ಬಟ್ಟೆಗೆ ಹಾಕುವುದರಲ್ಲಿ ಸೋಪಿನ ನೀರು ಬೆರೆಸಿರುತ್ತೇವೆ, ಕಲೆ ಬೇಗ ಹೋಗಿ ಅದೇ ಅಂಗಿಯಲ್ಲಿ ನಾಲ್ಕು ಸಲ ಸಾಯಲಿ ಎಂದು. ಚಿತ್ರೀಕರಣದ ಗಡಿಬಿಡಿಯಲ್ಲಿ ಯಾರೂ ಚೀಟಿ ಓದುವುದಿಲ್ಲ ಎಂದು ಅಣ್ಣ ಬಾಯಿ ರಕ್ತದ ಬಾಟಲಿಯ ಕತ್ತಿಗೆ ಒಂದು ದಾರ ಕಟ್ಟುತ್ತಿದ್ದ. ಬುಧವಾರ ನಾನು ಕೊಳೆಯೆಂದು ಕಿತ್ತು ಹಾಕಿದ್ದು ಆ ದಾರವನ್ನೇ.

ಮಾಮ ಒಂದು ಗುಟುಕು ಬಾಯಲ್ಲಿಟ್ಟುಕೊಂಡರು. ಕ್ಯಾಮೆರಾ ಓಡಿತು. ರಕ್ತ ಸುರಿಯಬೇಕಾದ ಬಾಯಿಂದ ಗುಲಾಬಿ ಬಣ್ಣದ ಗುಳ್ಳೆಗಳು ಒಂದೊಂದಾಗಿ ಹಾರತೊಡಗಿದವು. ನಿರ್ದೇಶಕ ಕುಣಿದಾಡಿಬಿಟ್ಟ, ಇಂಥ ವಿಷ ಯಾರೂ ತೋರಿಸಿಲ್ಲ ಎಂದ. ಮಾಮ ಗುಳ್ಳೆ ಬಿಡುತ್ತಲೇ ಶಿಸ್ತಾಗಿ ಸತ್ತರು. ಕಟ್ ಆದ ಮೇಲೆ ನಲ್ಲಿಯ ಹತ್ತಿರ ಕೂತು ಎರಡು ಸಲ ವಾಂತಿ ಮಾಡಿದರು. ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ಕಂಬದಂತೆ ನಿಂತಿದ್ದೆ. ತಪ್ಪಾಯಿತು ಅನ್ನಬೇಕಿತ್ತು, ಚೊಂಬನ್ನು ಇನ್ನೊಮ್ಮೆ ತುಂಬಿಸಿದೆ.

"ನಲವತ್ತು ವರ್ಷದಿಂದ ಸಾಯ್ತಾ ಇದ್ದೀನಮ್ಮ," ಅಂದರು ಮಾಮ ಮುಖ ಒರೆಸಿಕೊಳ್ಳುತ್ತ. "ಬಾಯಿ ತೊಳೆದು ಸಾಯಿಸಿದವಳು ನೀನೇ ಮೊದಲು."

ಫೆಬ್ರವರಿ 15, ಭಾನುವಾರ

ಅಣ್ಣನ ಪುಸ್ತಕದ ಮೊದಲ ಪುಟದ ಮೊದಲ ಸಾಲು: ಮೊದಲು ನಮ್ಮ ನಾಲಿಗೆ, ಆಮೇಲೆ ಅವರದು. ನಟನಿಗೆ ಕೊಡುವ ಮುಂಚೆ ಅವನೆದುರಿಗೇ ತಾನು ಒಂದು ಚಮಚ ಕುಡಿಯುತ್ತಿದ್ದ. ಮಡಚುವ ಚಾಕುವನ್ನು ಮೊದಲು ತನ್ನ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ. ನಾನು ಆ ಸಾಲನ್ನು ಇಪ್ಪತ್ತಮೂರು ವರ್ಷ ನೋಡಿದ್ದೇನೆ, ಓದಿದ್ದು ಇವತ್ತು.

ಬೆಳಿಗ್ಗೆಯಿಂದ ಆರು ಬಾಟಲಿ ರುಚಿ ನೋಡಿದೆ. ದಾರ ಕಟ್ಟಿದೆ, ಎರಡೆರಡು ಗಂಟು. ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ನನ್ನ ಕೆಂಪು ಹಲ್ಲು ನೋಡಿ ಎದ್ದು ಉಪ್ಪುನೀರು ತಂದುಕೊಟ್ಟರು.

ಫೆಬ್ರವರಿ 18, ಬುಧವಾರ

ತಲೆಯಾಡಿಸುವ ಚಟಕ್ಕೆ ಏನಾದರೂ ಮದ್ದಿದೆಯೇ?

ನಿರ್ದೇಶಕನಿಗೆ ಎಲ್ಲರೂ ಬೆನ್ನ ಹಿಂದೆ 'ಐದೇ ಸೆಕೆಂಡ್' ಅನ್ನುತ್ತಾರೆ. ಮಳೆಯಲ್ಲಿ ನೆನೆಯಿರಿ, ಐದೇ ಸೆಕೆಂಡ್. ಹಾವಿನ ಬುಟ್ಟಿಗೆ ಕೈ ಹಾಕಿ, ಐದೇ ಸೆಕೆಂಡ್. ಕೆಟ್ಟವನಲ್ಲ, ಅವಸರದವನು. ಇವತ್ತು ಕ್ಲೈಮ್ಯಾಕ್ಸ್ ವಿವರಿಸಿದ. ದೆವ್ವವಾದ ಮಾಮ ಕುರ್ಚಿಯಲ್ಲಿ ಕೂತಿರುತ್ತಾರೆ. ಕೂತಲ್ಲೇ ಮೈಗೆ ಬೆಂಕಿ ಹತ್ತಿಕೊಳ್ಳುತ್ತದೆ, ಮುಖ ಕರಗಿ ಇಳಿಯುತ್ತದೆ.

"ಬೆನ್ನಿಗೆ ಮಾತ್ರ ನಿಜವಾದ ಬೆಂಕಿ, ಅಕ್ಕ. ದಪ್ಪ ಕೋಟು ಹಾಕ್ಸೋಣ. ಐದೇ ಸೆಕೆಂಡ್."

ದೊಡ್ಡ ಸಿನಿಮಾಗಳಲ್ಲಿ ಅದಕ್ಕೆಂದೇ ಪಳಗಿದವರಿರುತ್ತಾರೆ, ಅವರ ಮೈಗೆ ಸವರುವ ಲೇಪ, ಒಳಉಡುಪು ಎಲ್ಲ ಇರುತ್ತದೆ. ನಮ್ಮಲ್ಲಿರುವುದು ಅರವತ್ತಾರು ವರ್ಷದ ಮಾಮ ಮತ್ತು ಬಾಡಿಗೆ ಕೋಟು. ಮಾಮನ ಮುಖ ನೋಡಿದೆ, ಬೇಡ ಅನ್ನಲಿ ಎಂದು. ಅವರು ಆಗಲೇ ತಲೆಯಾಡಿಸಿ ಆಗಿತ್ತು. ಜೀವನದಲ್ಲಿ ಮೊದಲ ಕ್ಲೈಮ್ಯಾಕ್ಸ್, ಬಿಡುತ್ತಾರೆಯೇ?

ನಾನೂ ಆಡಿಸಿದೆ.

ಅಣ್ಣ ಇದ್ದಿದ್ದರೆ ಅವನ ದನಿ ಬೀದಿ ಕೊನೆಯವರೆಗೆ ಕೇಳುತ್ತಿತ್ತು. ಬೆಂಕಿಯ ಕೆಲಸದಲ್ಲಿ ಕಟ್ ಹೇಳುವ ಹಕ್ಕು ನಿರ್ದೇಶಕನಿಗೆ ಇರಲಿಲ್ಲ, ಅಣ್ಣನ 'ಸಾಕು'ಗೆ ಮಾತ್ರ ಇತ್ತು. ಅವನು ಸಾಕು ಎಂದರೆ ಪಕ್ಕದ ಬೀದಿಯಲ್ಲಿ ಮಕ್ಕಳು ಆಟ ನಿಲ್ಲಿಸುತ್ತಿದ್ದರು. ನನ್ನ ದನಿ ಹೊಲಿಗೆ ಯಂತ್ರದ ಸದ್ದಿಗೂ ಸೋಲುತ್ತದೆ.

ಫೆಬ್ರವರಿ 20, ಶುಕ್ರವಾರ

ಎರಡು ರಾತ್ರಿ ನಿದ್ದೆ ಇಲ್ಲ. ಇವತ್ತು ಬೆಳಿಗ್ಗೆ ಹಳೆಯ ಕೋಟೊಂದನ್ನು ಶೆಡ್ಡಿನ ಹಿಂದಿನ ಬಯಲಿನಲ್ಲಿ ಮರದ ಚೌಕಟ್ಟಿಗೆ ತೊಡಿಸಿದೆ. ಸುತ್ತ ಮರಳಿನ ಬಕೆಟ್, ಒದ್ದೆ ಗೋಣಿ ಇಟ್ಟೆ. ಆಮೇಲೆ ನಿರ್ದೇಶಕನನ್ನು ಕರೆಸಿದೆ. ಹೇಳಬೇಕಾದ ಮಾತನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆ. ಅವನು ಬಂದು ನಿಂತಾಗ ನೆನಪಿಗೆ ಬಂದದ್ದು ಒಂದೇ ಮಾತು.

"ಎಣಿಸಿ."

ಕೋಟಿನ ಬೆನ್ನಿಗೆ ಉದ್ದ ಕೋಲಿನಿಂದ ಬೆಂಕಿ ಮುಟ್ಟಿಸಿದೆ. ಅವನು ನಗುತ್ತ ಒಂದು ಅಂದ. ಎರಡು ಅನ್ನುವಾಗ ಬೆಂಕಿ ಭುಜಕ್ಕೇರಿತ್ತು. ಮೂರಕ್ಕೆ ಕಾಲರು ಹಿಡಿಯಿತು. ನಾಲ್ಕು ಅನ್ನುವಾಗ ಅವನ ದನಿ ಸಣ್ಣಗಾಯಿತು. ಐದನ್ನು ಅವನು ಹೇಳಲೇ ಇಲ್ಲ. ನಾನು ಮರಳು ಎರಚಿ ಆರಿಸಿದೆ. ಚೌಕಟ್ಟಿನ ತುದಿಯಲ್ಲಿ, ಮಾಮನ ಕುತ್ತಿಗೆ ಇರಬೇಕಾದ ಜಾಗದಲ್ಲಿ, ಮರ ಕಪ್ಪಾಗಿತ್ತು.

ಸ್ವಲ್ಪ ಹೊತ್ತು ಅವನು ಆ ಕಪ್ಪನ್ನೇ ನೋಡಿದ. ಆಮೇಲೆ, "ನಮ್ಮಪ್ಪನೂ ಇದೇ ಎತ್ತರ" ಅಂದ. ಆ ದೃಶ್ಯವನ್ನೇ ತೆಗೆದುಬಿಡುತ್ತೇನೆ ಎಂದ.

ಸಂಜೆ ಮಾಮನಿಗೆ ವಿಷಯ ತಿಳಿದು ನಮ್ಮ ಮನೆಗೇ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕಾಫಿ ಕುಡಿದು, ಲೋಟ ತಿರುಗಿಸುತ್ತ ಕೂತು, "ಹೋಯ್ತಲ್ಲಮ್ಮ ನನ್ನ ಕ್ಲೈಮ್ಯಾಕ್ಸ್" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಫೆಬ್ರವರಿ 21, ಶನಿವಾರ

ಅಣ್ಣನ ಪುಸ್ತಕ, ಹತ್ತೊಂಬತ್ತನೇ ಪುಟ: ಬೆಂಕಿ ಮತ್ತು ಮನುಷ್ಯ ಒಂದೇ ಚಿತ್ರದಲ್ಲಿ ಇರಬಹುದು. ಒಂದೇ ಜಾಗದಲ್ಲಿ ಇರಬಾರದು.

ಅದರ ಕೆಳಗೆ ಒಂದು ಚಿತ್ರ ಬರೆದಿದ್ದಾನೆ. ಕ್ಯಾಮೆರಾ ಮುಂದೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸುವುದು. ಗಾಜಿನಾಚೆ ಎದುರಿಗೆ ನಟ. ಪಕ್ಕದಲ್ಲಿ, ಕ್ಯಾಮೆರಾಗೆ ನೇರವಾಗಿ ಕಾಣದ ಕಡೆ, ಕತ್ತಲಲ್ಲಿ ಬೆಂಕಿ. ಬೆಂಕಿಯ ಬಿಂಬ ಗಾಜಿನ ಮೇಲೆ ಬೀಳುತ್ತದೆ. ಕ್ಯಾಮೆರಾ ಎರಡನ್ನೂ ಒಟ್ಟಿಗೆ ನೋಡಿ ನಟನೇ ಉರಿಯುತ್ತಿದ್ದಾನೆ ಎಂದು ನಂಬುತ್ತದೆ. ಸಂಜೆ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖ ಹೊರಗಿನ ಮರಗಳ ಮೇಲೆ ತೇಲುತ್ತದಲ್ಲ, ಹಾಗೆ. ಅಣ್ಣ ಒಮ್ಮೆ ಬರೀ ದೀಪ ಇಟ್ಟು ಇದನ್ನು ಮಾಡಿದ್ದನ್ನು ನೋಡಿದ್ದೆ. ಇಡೀ ಮನುಷ್ಯನಿಗೆ ಮಾಡಿದ್ದಿಲ್ಲ. ಆ ಪುಟ ತೋರಿಸಿದಾಗ ನಿರ್ದೇಶಕ ಮಾಮನ ದೃಶ್ಯವನ್ನು ಮತ್ತೆ ಸೇರಿಸಿಕೊಂಡ.

ಮುಚ್ಚಿಹೋದ ಬಟ್ಟೆ ಅಂಗಡಿಯ ಪ್ರದರ್ಶನದ ಗಾಜು ಸಿಕ್ಕಿತು. ನಾಲ್ಕು ಜನ ಹೊತ್ತು ತಂದರು. ಬೆಂಕಿಗಿಂತ ಈ ಗಾಜಿಗೇ ನನಗೆ ಹೆಚ್ಚು ಭಯ. ದಾರಿಯುದ್ದಕ್ಕೂ ಹಿಂದೆ ಹಿಂದೆ ನಡೆದೆ. ಎದುರು ಬಂದವರೆಲ್ಲ ಗಾಜಿನಲ್ಲಿ ತಲೆ ಬಾಚಿಕೊಂಡರು.

ಫೆಬ್ರವರಿ 24, ಮಂಗಳವಾರ

ಎಲ್ಲ ಹೊಂದಿತು. ಬೆಂಕಿಗೆ ಪೆಟ್ರೋಲ್ ಇಲ್ಲ. ತೂತು ಕೊರೆದ ಕಬ್ಬಿಣದ ಕೊಳವೆಗೆ ಉದ್ದನೆಯ ಗ್ಯಾಸ್ ಪೈಪು, ಅದರ ತಿರುಪು ನನ್ನ ಕೈಯಲ್ಲಿ. ಮುಚ್ಚಿದರೆ ಬೆಂಕಿ ಇಲ್ಲ. ಬೆಂಕಿಯ ಹಿಂದೆ, ಹೊತ್ತಿಕೊಳ್ಳುವ ಕಪ್ಪು ಪರದೆಯ ಬದಲು, ಕಪ್ಪು ಬಳಿದ ತಗಡು. ಮಾಮನ ಹಾಗೆಯೇ ಕೂತ ಕಬ್ಬಿಣದ ಬೊಂಬೆಯೊಂದು ಬೆಂಕಿಯ ಕಡೆಯ ಕುರ್ಚಿಯಲ್ಲಿ.

ಬೊಂಬೆಗೆ ಮುಖ ಬೇಕು. ಕರಗುವ ಮುಖ, ಮೇಣದ್ದು. ಮಾಮನ ಮುಖದ್ದೇ ಅಚ್ಚು ತೆಗೆಯೋಣ ಎಂದರೆ ಅವರಿಗೆ ಮುಖ ಮುಚ್ಚಿದರೆ ಉಸಿರು ಕಟ್ಟುತ್ತದೆ. ಹಿಂದೊಮ್ಮೆ ಅರ್ಧ ನಿಮಿಷಕ್ಕೇ ಎದ್ದು ಅಣ್ಣನನ್ನು ಒದ್ದಿದ್ದರು. ನನ್ನ ಮುಖ ಇಲಿಯದು, ಅವರ ಅಗಲ ದವಡೆಗೆ ಹೊಂದುವುದಿಲ್ಲ. ಹೊಂದುವ ಮುಖ ಊರಲ್ಲಿ ಒಂದೇ, ಅದು ಹಲಗೆಯ ಮೇಲಿದೆ.

ಬಿಸಿ ಮೇಣ ಸುರಿದರೆ ಆ ಬಿರುಕು ತಡೆಯುವುದಿಲ್ಲ. ತಲೆ ಬರುತ್ತದೆ, ಅಚ್ಚು ಹೋಗುತ್ತದೆ. ತಲೆಯೂ ಕರಗುತ್ತದೆ. ಆಮೇಲೆ ಮೂಗು ಎಲ್ಲಿ ಹುಡುಕಲಿ?

ಮಾಮನ ಕ್ಲೈಮ್ಯಾಕ್ಸ್ ಯಾರಿಗೆ ಬೇಕಾಗಿದೆ ಎಂದೂ ಯೋಚಿಸಿದೆ. ಇದನ್ನು ಬರೆದಿಡುತ್ತೇನೆ. ನಾಳೆ ನಾನು ದೊಡ್ಡ ಮನಸ್ಸಿನವಳೆಂದು ನನಗೇ ಅನ್ನಿಸಿದರೆ ತಿರುವಿ ನೋಡಬಹುದು.

ಅತ್ತಿಗೆಯನ್ನು ಕೇಳದೆ ಮಾಡುವ ಹಾಗಿಲ್ಲ. ಕೇಳಲೂ ಆಗಲಿಲ್ಲ. ಅಡುಗೆಮನೆಯಲ್ಲಿ ಒಣಗಿದ ಲೋಟಗಳನ್ನೇ ಮತ್ತೆ ಒರೆಸುತ್ತ ನಿಂತಿದ್ದೆ. ಅತ್ತಿಗೆ ಪಾತ್ರೆ ಉಜ್ಜುತ್ತ, ಹಿಂದೆ ತಿರುಗದೆ, "ಆ ತಲೆ ವಿಷಯ ತಾನೇ?" ಅಂದರು. ಮಾಮ ಆಗಲೇ ಹೇಳಿದ್ದಾರೆ.

ತಲೆಯಾಡಿಸಿದೆ. ಅವರಿಗೆ ಬೆನ್ನಿಗೂ ಕಣ್ಣಿರಬೇಕು.

"ನಿಮ್ಮಣ್ಣ ಸಿನಿಮಾ ಸೇರಿದ್ದು ತಲೆ ಮಾಡೋಕಲ್ಲ ಕಣೇ, ನಟ ಆಗೋಕೆ. ಬೆಳಕಲ್ಲಿ ಕೂತು ಜನರ ಕಣ್ಣಿಗೆ ಬೀಳಬೇಕು ಅಂತ ಸಾಯೋವರೆಗೂ ಆಸೆ ಇತ್ತು. ನೀನು ಹಲಗೆ ಮೇಲಿಟ್ಟು ಧೂಳು ಹಿಡಿಸ್ತೀಯಾ?"

ಇಪ್ಪತ್ತಮೂರು ವರ್ಷ ಜೊತೆಗೆ ಕೆಲಸ ಮಾಡಿದ ನನಗೆ ಇದು ಗೊತ್ತಿರಲಿಲ್ಲ.

ಫೆಬ್ರವರಿ 27, ಶುಕ್ರವಾರ

ಸುರಿದೆವು. ಅತ್ತಿಗೆ ಹೊಸ್ತಿಲು ದಾಟಿ ಒಳಗೆ ಬಂದರು, ಅಚ್ಚು ಹಿಡಿದುಕೊಂಡರು. ಮೇಣ ತಣ್ಣಗಾಗುವಾಗ ಒಳಗೆ ಪಟ್ ಎಂದಿತು. ಟ್ಯೂಬು ಬಿಚ್ಚಿದರೆ ಅಚ್ಚು ಐದು ಚೂರು. ನಡುವೆ ಅಣ್ಣ, ಕಣ್ಣು ಮುಚ್ಚಿಕೊಂಡು, ಏನೂ ಆಗದವನಂತೆ.

ಹುಬ್ಬಿನ ಕೂದಲನ್ನು ಒಂದೊಂದಾಗಿ ನಾನೇ ನೆಟ್ಟೆ. ಬಲಗೆನ್ನೆಯ ಮಚ್ಚೆಯನ್ನು ಅತ್ತಿಗೆ ಇಟ್ಟರು. ನಾನು ಇಟ್ಟಿದ್ದು ಒಂದು ಬೆರಳು ಮೇಲಾಗಿತ್ತಂತೆ.

ಮಾರ್ಚ್ 1, ಭಾನುವಾರ

ಪರೀಕ್ಷೆ ಮಾಡಿದೆವು. ಬೆಂಕಿ ಹಚ್ಚದೆ, ದೀಪ ಮಾತ್ರ ಹಾಕಿ. ಕ್ಯಾಮೆರಾದೊಳಗೆ ನೋಡಿದರೆ ಎದುರಿನ ಕುರ್ಚಿಯ ಮಾಮ ಎಡಗೈ ಎತ್ತಿದ್ದಾರೆ, ಅವರ ಮೇಲೆ ತೇಲುತ್ತಿರುವ ಬೊಂಬೆ ಬಲಗೈ ಎತ್ತಿದೆ. ನಾಲ್ಕು ಕೈ ಕೆಳಗೆ ಮೇಲೆ ಆಗಿ ದೆವ್ವ ಬಟ್ಟೆ ಒಣಹಾಕುತ್ತಿರುವಂತೆ ಕಂಡಿತು. ಗಾಜು ಎಡವನ್ನು ಬಲ ಮಾಡುತ್ತದೆ ಎಂಬುದನ್ನು ಮರೆತಿದ್ದೆ. ನಲವತ್ತೇಳು ವರ್ಷದಿಂದ ಕನ್ನಡಿ ನೋಡುತ್ತಿದ್ದೇನೆ, ಪ್ರಯೋಜನವಿಲ್ಲ. ಬೊಂಬೆಯ ಕೈ ಬದಲಿಸಿದೆ.

ಮಚ್ಚೆ ಮಾತ್ರ ಬದಲಿಸಲಿಲ್ಲ. ಗಾಜಿನಲ್ಲಿ ಅದು ಎಡಗೆನ್ನೆಗೆ ಬಂದಿತ್ತು. ಅಣ್ಣನೇ, ಆದರೆ ಸ್ವಲ್ಪ ಬೇರೆಯವನು. ಆಮೇಲೆ ಹೊಳೆಯಿತು, ಗಡ್ಡ ಹೆರೆಯುವಾಗ ಅವನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ ಮುಖ ಇದು. ನಾವು ಯಾರೂ ನೋಡಿರದ, ಅವನೊಬ್ಬನಿಗೇ ಗೊತ್ತಿದ್ದ ಅಣ್ಣ. ಕ್ಷೌರದಂಗಡಿಯಲ್ಲೂ ಕೊನೆಗೆ ಇದನ್ನೇ ನೋಡಿದ್ದಾನೆ.

ಹೆಚ್ಚು ಹೊತ್ತು ಕ್ಯಾಮೆರಾಗೆ ಕಣ್ಣು ಹಚ್ಚಿ ನಿಂತಿದ್ದೆನಂತೆ. ನಿರ್ದೇಶಕ ಕೆಮ್ಮಿದ.

ಆಮೇಲೆ ಬಯಲಿನಲ್ಲಿ ಬರೀ ಮೇಣದ ಮುದ್ದೆಯಿಟ್ಟು ಬೆಂಕಿ ಹಚ್ಚಿ ಎಣಿಸಿದೆ. ಕೊಳವೆಯ ಬೆಂಕಿ ಬೊಂಬೆಯ ಹಿಂದೆ, ಕೆಳಗೆ ಇರುತ್ತದೆ. ಮುಖ ದೂರದ ಶಾಖಕ್ಕೇ ಕರಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಆದರೆ ಇಪ್ಪತ್ತೈದು ಎಣಿಸುವಷ್ಟರಲ್ಲಿ ಕರಗಿದ ಮೇಣ ಹರಿದು ಕೊಳವೆಗೆ ಬೀಳುತ್ತದೆ. ಬಿದ್ದರೆ ಬೆಂಕಿ ಭಗ್ಗೆಂದು ಆಳೆತ್ತರ ಏಳುತ್ತದೆ. ಆದ್ದರಿಂದ ಇಪ್ಪತ್ತಕ್ಕೆ ತಿರುಪು ಮುಚ್ಚಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ನಿರ್ದೇಶಕನಿಗೆ ಮೂರು ಸಲ ಹೇಳಿದೆ. ಅವನ ಮೇಲೆ ನನಗೆ ನಂಬಿಕೆಯಿಲ್ಲ.

ಮಾರ್ಚ್ 4, ಬುಧವಾರ

ಸಂಜೆ ಆರೂವರೆಗೆ ಬೆಳಕು ಇಳಿಯಿತು. ಮಾಮ ತಮ್ಮ ಕುರ್ಚಿಯಲ್ಲಿ ಕೂತರು. ಬೆಂಕಿಗೂ ಅವರಿಗೂ ನಡುವೆ ಒಂದು ಗೋಡೆ, ಗಾಜು, ಹನ್ನೆರಡು ಹೆಜ್ಜೆ. ಅವರಿಗೆ ಚಳಿಯಾಗಿ ಶಾಲು ಕೇಳಿದರು. ಅಗ್ನಿಶಾಮಕ ದಳದಿಂದ ನಿವೃತ್ತರಾದವರೊಬ್ಬರು ಆರಿಸುವ ಸಿಲಿಂಡರ್ ಹಿಡಿದು ನಿಂತರು. ಅತ್ತಿಗೆ ಒದ್ದೆ ಕಂಬಳಿ ಹಿಡಿದು ನನ್ನ ಪಕ್ಕ. ಬರಬೇಡಿ ಎಂದಿದ್ದೆ. "ಮನೇಲಿ ಕೂತು ಏನು ಮಾಡಲಿ?" ಎಂದು ಬಂದರು.

ಬೊಂಬೆಯಿಂದ ಎಂಟು ಹೆಜ್ಜೆ ದೂರದಲ್ಲಿ ಸುಣ್ಣದ ಗೆರೆ ಎಳೆದಿದ್ದೆ. ಯಾರೂ ದಾಟಬಾರದು. ತಿರುಪು ತಿರುಗಿಸಿದೆ. ಬೆಂಕಿ ಬೊಂಬೆಯ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಎದ್ದಿತು.

ಎಣಿಸಿದೆ. ಆರು, ಏಳು. ಹುಬ್ಬು ಜಾರಿತು. ಹನ್ನೊಂದು. ಮಚ್ಚೆ ಕೆನ್ನೆಯಿಂದ ಇಳಿಯಿತು. ಹದಿನೈದರ ಹೊತ್ತಿಗೆ ಬಾಯಿಯ ಒಂದು ಮೂಲೆ ಮೆತ್ತಗಾಗಿ ಸ್ವಲ್ಪ ಮೇಲೆ ಎಳೆದಂತಾಯಿತು. ಅದು ನನಗೆ ಗೊತ್ತಿರುವ ಮುಖ. ಸತ್ತಂತೆ ಮಲಗಿ, ಎಲ್ಲರೂ ಗಾಬರಿಯಾದ ಮೇಲೆ, ಕಣ್ಣು ಬಿಡುವುದಕ್ಕೆ ಮುಂಚೆ ಅಣ್ಣ ನಗು ತಡೆಯುತ್ತಿದ್ದ ಮುಖ. ಅದಾದ ಮರುಗಳಿಗೆಯೇ ಕಣ್ಣು ಬಿಡುತ್ತಿದ್ದ. ಯಾವಾಗಲೂ.

ಇಲ್ಲಿಂದ ಮುಂದೆ ನನಗೆ ಸರಿಯಾಗಿ ಗೊತ್ತಿಲ್ಲ. ಅತ್ತಿಗೆ ಹೇಳಿದ್ದನ್ನು ಬರೆಯುತ್ತೇನೆ. ನಾನು ಎಣಿಸುವುದನ್ನು ನಿಲ್ಲಿಸಿದೆ. ನಿರ್ದೇಶಕ ಆ ಕಡೆಯಿಂದ "ಇಪ್ಪತ್ತಾಯ್ತು ಅಕ್ಕ" ಎಂದು ಕೂಗಿದ. ಅವನೇ, ಐದೇ ಸೆಕೆಂಡ್. ನಾನು ತಿರುಪು ಮುಚ್ಚಲಿಲ್ಲ. ತಿರುಪು ಹಿಡಿದುಕೊಂಡೇ ಸುಣ್ಣದ ಗೆರೆ ದಾಟಿ ಮುಂದೆ ಮುಂದೆ ನಡೆದೆ. ಅತ್ತಿಗೆ ತೋಳು ಹಿಡಿದು ಎಳೆದರೆ ಕೊಡವಿದೆ. ಅಷ್ಟರಲ್ಲಿ ಮೇಣ ಕೊಳವೆಗೆ ಬಿತ್ತು.

ಭಗ್ಗೆಂದದ್ದು ನೆನಪಿದೆ. ಆಮೇಲೆ ಯಾರೋ "ಸಾಕು!" ಎಂದು ಕೂಗಿದರು. ಅಷ್ಟು ದೊಡ್ಡ ದನಿ ಅಣ್ಣನದು ಬಿಟ್ಟರೆ ಯಾರದೂ ನಾನು ಕೇಳಿಲ್ಲ. ಬೆಂಕಿ ಇಳಿಯಿತು. ಒದ್ದೆ ಕಂಬಳಿ ನನ್ನ ತಲೆಯ ಮೇಲೆ ಬಿತ್ತು. ಒಳಗೆ ಅತ್ತಿಗೆಯೂ ಇದ್ದರು.

"ಯಾರು ಕೂಗಿದ್ದು?" ಎಂದು ಕೇಳಿದೆ.

"ನೀನೇ ಕಣೇ," ಅಂದರು ಅತ್ತಿಗೆ. "ತಿರುಪು ಮುಚ್ಚಿದ್ದೂ ನೀನೇ. ನನ್ನ ಕಿವಿ ಇನ್ನೂ ಗುಂಯ್ ಅಂತಿದೆ."

ಇಪ್ಪತ್ತಮೂರು ವರ್ಷದಲ್ಲಿ ನಮ್ಮ ಕೆಲಸದಲ್ಲಿ ಆದ ಒಟ್ಟು ಹಾನಿ: ಅರ್ಧ ಹುಬ್ಬು. ನನ್ನದು. ಸುರಕ್ಷತೆಯ ಬಗ್ಗೆ ಊರಿಗೆಲ್ಲ ಪಾಠ ಹೇಳಿ, ಗೆರೆ ಎಳೆದು, ಗೋಡೆಗೆ ಚೀಟಿ ಅಂಟಿಸಿ, ಅದನ್ನು ಮೀರಿದವಳು ನಾನೊಬ್ಬಳೇ. ನಂಬಿಕೆ ಇಡಬಾರದಿದ್ದದ್ದು ಯಾರ ಮೇಲೆ ಎಂದು ಭಾನುವಾರ ತಪ್ಪಾಗಿ ಬರೆದಿದ್ದೇನೆ.

ಮಾರ್ಚ್ 5, ಗುರುವಾರ

ಮಧ್ಯಾಹ್ನದವರೆಗೆ ಮಲಗಿದ್ದೆ. ಎದ್ದು ಎರಡು ತಟ್ಟೆ ಊಟ ಮಾಡಿದೆ.

ಮಾರ್ಚ್ 8, ಭಾನುವಾರ

ತೆಗೆದದ್ದನ್ನು ತೋರಿಸಿದರು. ಮಾಮ ಕುರ್ಚಿಯಲ್ಲಿ ಕೂತೇ ಉರಿಯುತ್ತಾರೆ. ಮುಖ ಕರಗುತ್ತದೆ, ಒಂದು ಗಳಿಗೆ ಬೇರೆ ಯಾರೋ ಅವರೊಳಗಿಂದ ನಗು ತಡೆದಂತೆ ಕಾಣುತ್ತದೆ, ಆಮೇಲೆ ಭಗ್ಗೆಂದು ಎಲ್ಲ ಬೆಂಕಿ. ಕೋಣೆಯಲ್ಲಿ ಕೂತವರೆಲ್ಲ ಹಿಂದಕ್ಕೆ ಸರಿದರು. ನಾಯಕಿ ಹೆದರಿ ನನ್ನ ಮೊಣಕೈ ಹಿಡಿದುಕೊಂಡಳು. ಅತ್ತಿಗೆ ಮಾತ್ರ ಪರದೆಯ ಹತ್ತಿರಕ್ಕೆ ಬಗ್ಗಿ, "ಚೆನ್ನಾಗಿ ಮಾಡಿದ್ದಾರೆ" ಅಂದರು, ನಟರ ಬಗ್ಗೆ ಅನ್ನುವ ಹಾಗೆ.

ಮಾಮನಿಗೆ ತಮ್ಮ ಕ್ಲೈಮ್ಯಾಕ್ಸಿನಲ್ಲಿ ಪಾಲು ಹೋಯಿತೆಂದು ಬೇಸರವಾಗಿರಬಹುದೆಂದು ಹೆದರಿದ್ದೆ. ಅವರು ಕಣ್ಣೊರೆಸಿಕೊಂಡು, "ನಿಮ್ಮಣ್ಣ ನನ್ನ ಮೇಲೇ ಕೂತುಬಿಟ್ಟನಲ್ಲಮ್ಮ" ಎಂದು ನಕ್ಕರು.

ನಿರ್ದೇಶಕ ಇನ್ನೊಂದು ಕತೆ ಹೇಳಿದ. ಅದರಲ್ಲಿ ಮಹಡಿಯಿಂದ ನಾಯಕಿ ಬೀಳಬೇಕಂತೆ, ಹಗ್ಗವಿಲ್ಲದೆ. ಆಗಲ್ಲ ಎಂದೆ. ಐದೇ ಸೆಕೆಂಡ್ ಎಂದ. ಆಗಲ್ಲ ಎಂದೆ. ಸರಿ ಅಕ್ಕ ಎಂದು ಬರೆದುಕೊಂಡ. ಇವತ್ತು ಅವನಿಗೇನೋ ಒಳ್ಳೆಯ ಬುದ್ಧಿ ಬಂದಿತ್ತು, ನನ್ನ ಮಾತು ಕೇಳಿದ.

ಮಾರ್ಚ್ 19, ಗುರುವಾರ

ಕಾರ್ಖಾನೆ ಅಂದ ಮೇಲೆ ಒಂದು ತಲೆ ಇರಬೇಕು. ಹೊಸ ಕತೆಯಲ್ಲಿ ಉರುಳುವುದು ಹೆಂಗಸಿನ ತಲೆ. ಇಲಿ ಮುಖವಾದರೂ ನಡೆಯುತ್ತದೆ.

ಬೆಳಿಗ್ಗೆ ಶೆಡ್ಡಿನಲ್ಲಿ ಚಾಪೆ ಹಾಸಿ ಅಂಗಾತ ಮಲಗಿದೆ. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಪುಡಿ ಕಲಸಿ ಅತ್ತಿಗೆ ಮೆತ್ತಿದರು, ಮೇಲೆ ಮುರಿದ ಕೈಗೆ ಸುತ್ತುವ ಪಟ್ಟಿ. ಮೂಗಿನ ಹೊಳ್ಳೆ ಎರಡನ್ನೂ ತೆರೆದಿಡಬೇಕು, ಅದನ್ನು ಹತ್ತು ಸಲ ಹೇಳಿದ್ದೆ. "ನಿನ್ನನ್ನು ಮುಗಿಸೋಕೆ ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ, ಸುಮ್ಮನಿರು" ಅಂದರು. ನಗುವ ಹಾಗಿಲ್ಲ, ನಕ್ಕರೆ ಅಚ್ಚು ಕೆಡುತ್ತದೆ. ಉಸಿರು ಕಟ್ಟಿದರೆ ಎರಡು ಬೆರಳು ಎತ್ತಬೇಕು.

ಇಪ್ಪತ್ತು ನಿಮಿಷ. ಒಳಗೆ ಕತ್ತಲೆ, ತಂಪು. ತನ್ನ ಉಸಿರು ತನಗೇ ದೊಡ್ಡದಾಗಿ ಕೇಳುತ್ತದೆ. ಅಣ್ಣ ಇಲ್ಲಿ ಮಲಗಿದ್ದಾಗ ನಾನು ಪಕ್ಕದಲ್ಲಿ ಕೂತು ಬಾಯಿಗೆ ಬಂದ ಹಾಡೆಲ್ಲ ಹಾಡಿ ಅವನನ್ನು ನಗಿಸಲು ನೋಡಿದ್ದೆ, ಅವನು ಅಲುಗಾಡಿರಲಿಲ್ಲ. ಅದನ್ನೇ ಯೋಚಿಸುತ್ತಿದ್ದೆ. ನಾನೂ ಅಲುಗಾಡಲಿಲ್ಲ. ಅತ್ತಿಗೆ ನನ್ನ ಕೈ ಹಿಡಿದುಕೊಂಡಿದ್ದರು, ಬೆರಳು ಎತ್ತಿದರೆ ತಿಳಿಯಲಿ ಎಂದು.

ಅಚ್ಚು ಚೆನ್ನಾಗಿ ಬಂದಿದೆ. ಅರ್ಧ ಹುಬ್ಬು ಕೂಡ ಹಾಗೇ ಮೂಡಿದೆ. ಒಂದೇ ದೋಷ. ಎರಡು ಕಣ್ಣಿನ ಮೂಲೆಯಿಂದ ಕಿವಿಯವರೆಗೆ ಎರಡು ಸಣ್ಣ ಗೆರೆ ಬಿದ್ದಿವೆ, ನೀರು ಹರಿದ ಕಾಲುವೆಯಂತೆ. ಅತ್ತಿಗೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪುಡಿಗೆ ನೀರು ಹೆಚ್ಚಾಗಿರಬೇಕು, ಅಂದರು.

ಹೌದು, ನೀರು ಹೆಚ್ಚಾಗಿದೆ. ಮುಂದಿನ ಸಲ ಕಡಿಮೆ ಹಾಕಬೇಕು. ಗೆರೆ ತುಂಬಿಸುವುದು ಬೇಡ ಎಂದು ಅಚ್ಚನ್ನು ಹಾಗೇ ಕಟ್ಟಿ ಮೇಲಿನ ಹಲಗೆಯಲ್ಲಿಟ್ಟೆ.